ಕಿಟಕಿಯ ಸಂದು, ಯಂತ್ರದ ಅಂಕಿ: ನೋಯ್ಡಾದ ಮನೆಗಳಿಗೆ ಏರ್ ಪ್ಯೂರಿಫೈಯರ್ ಆರಿಸುವ ಬಗೆ

ದೀಪಾವಳಿ ಸಮೀಪಿಸಿದರೆ ನೋಯ್ಡಾದ ಫ್ಲ್ಯಾಟುಗಳಲ್ಲಿ ಏರ್ ಪ್ಯೂರಿಫೈಯರಿನ ಮಾತು ಶುರುವಾಗುತ್ತದೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ಚದರಡಿಗೆ ಸಾಕು ಎಂಬಲ್ಲಿಗೆ ಆ ಮಾತು ಬಂದು ನಿಲ್ಲುತ್ತದೆ. ಕೋಣೆಗೆ ಹೊರಗಿನ ಗಾಳಿ ಎಷ್ಟು ನುಸುಳುತ್ತದೆ ಎಂದು ಕೇಳುವವರು ಕಡಿಮೆ. ಆಯ್ಕೆ ಶುರುವಾಗಬೇಕಾದದ್ದು ಅಲ್ಲಿಂದಲೇ ಎಂಬುದು ಈ ಲೇಖನದ ವಾದ.

ಮೊದಲು ಅಳತೆಯ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಸೆಕ್ಟರ್ 1, 62, 116 ಮತ್ತು 125ರ ಮಾಪನ ಕೇಂದ್ರಗಳಿಂದ ಮೊಬೈಲಿಗೆ ಬರುವ ಎಕ್ಯೂಐ ಒಂದು ಸೂಚ್ಯಂಕ. ಗಾಳಿಯಲ್ಲಿರುವ ಕಣಗಳ ತೂಕವಲ್ಲ. ಭಾರತದ ಸೂಚ್ಯಂಕದಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಪ್ರಮಾಣ ಪ್ರತಿ ಘನಮೀಟರಿಗೆ 250 ಮೈಕ್ರೋಗ್ರಾಂ ಮುಟ್ಟಿದಾಗ ಎಕ್ಯೂಐ 400 ಆಗುತ್ತದೆ. ನವೆಂಬರಿನ ನೋಯ್ಡಾಕ್ಕೆ ಇದೇನೂ ಅಪರೂಪದ ಅಂಕಿಯಲ್ಲ. 2009ರ ರಾಷ್ಟ್ರೀಯ ಮಾನದಂಡ 24 ಗಂಟೆಗಳ ಸರಾಸರಿಗೆ 60 ಮೈಕ್ರೋಗ್ರಾಂ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿತು. ಮುಂದಿನ ಲೆಕ್ಕವೆಲ್ಲ ಮೈಕ್ರೋಗ್ರಾಂನಲ್ಲೇ ಇದೆ.

ದೆಹಲಿಯಲ್ಲಿ ಸಂಗೀತಾ ವ್ಯಾಸ್, ನಿಖಿಲ್ ಶ್ರೀವಾಸ್ತವ್ ಮತ್ತು ಡೀನ್ ಸ್ಪಿಯರ್ಸ್ ಮಾಡಿದ ಪ್ರಯೋಗ 2016ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2015–16ರ ಚಳಿಗಾಲದಲ್ಲಿ ಕಡಿಮೆ ಬೆಲೆಯ ಪ್ಯೂರಿಫೈಯರುಗಳನ್ನು ಓಡಿಸಿ ಅವರು ಒಳಗಿನ ಕಣಗಳನ್ನು ಎಣಿಸಿದರು. ಕಣಗಳು ಗಣನೀಯವಾಗಿ ಇಳಿದವು. ಆದರೆ ಹೊರಗಿನ ಮಾಲಿನ್ಯ ಏರಿದಾಗ, ಯಂತ್ರ ಓಡುತ್ತಿದ್ದರೂ ಸರಾಸರಿಯಲ್ಲಿ ಒಳಗಿನದೂ ಏರಿತು. ಪ್ಯೂರಿಫೈಯರ್ ಸಾರ್ವಜನಿಕ ಕ್ರಮಕ್ಕೆ ಬದಲಿಯಲ್ಲ ಎಂಬುದು ಅವರ ತೀರ್ಮಾನ. ಅದರಲ್ಲಿ ತಕರಾರಿಲ್ಲ. ಆದರೆ ಒಳಗಿನ ಗಾಳಿ ಹೊರಗಿನದನ್ನು ಹಾಗೆ ಹಿಂಬಾಲಿಸಬೇಕಾದರೆ ಅದಕ್ಕೊಂದು ದಾರಿ ಬೇಕಲ್ಲ. ಆ ದಾರಿಯನ್ನು ಹುಡುಕುವುದು ಮನೆಯವರ ಕೈಯಲ್ಲಿದೆ.

12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರದ ಮಲಗುವ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಅದರ ಗಾತ್ರ ಸುಮಾರು 48 ಘನಮೀಟರ್. ಗಂಟೆಗೆ 240 ಘನಮೀಟರ್ ಶುದ್ಧ ಗಾಳಿ ಕೊಡುವ, ಅಂದರೆ ಸಿಎಡಿಆರ್ 240 ಇರುವ ಯಂತ್ರ ಕೋಣೆಯ ಗಾಳಿಯನ್ನು ಗಂಟೆಗೆ ಐದು ಸಲ ತೊಳೆದಷ್ಟಾಯಿತು. ಹೊರಗೆ 250 ಮೈಕ್ರೋಗ್ರಾಂ ಇದೆ; ಸಂದಿನಲ್ಲಿ ನುಸುಳುವ ಗಾಳಿ ತನ್ನ ಕಣಗಳ 80% ಒಳತರುತ್ತದೆ; ಒಂದಷ್ಟು ಕಣ ಗಂಟೆಗೆ 0.2ರ ದರದಲ್ಲಿ ತಾನಾಗಿಯೇ ಗೋಡೆ, ನೆಲಕ್ಕೆ ಅಂಟುತ್ತದೆ ಎಂದಿಟ್ಟುಕೊಳ್ಳೋಣ. ಸಂದು ಕಡಿಮೆಯಿದ್ದು ಗಂಟೆಗೆ ಕೋಣೆಯ ಅರ್ಧದಷ್ಟು ಗಾಳಿ ಮಾತ್ರ ಬದಲಾಗುತ್ತಿದ್ದರೆ, ಯಂತ್ರವಿಲ್ಲದೆ ಒಳಗೆ 143, ಯಂತ್ರ ಹಾಕಿದ ಮೇಲೆ 18. ಅದೇ ಕೋಣೆ ಗಂಟೆಗೆ ಎರಡು ಸಲ ಗಾಳಿ ಬದಲಾಗುವಷ್ಟು ಸೋರಿದರೆ 182 ಇದ್ದದ್ದು 56ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಗೆ ಎರಡನೆಯ ಯಂತ್ರ ತಂದರೂ 33. ಸಂದು ಮುಚ್ಚಿದ ಕೋಣೆಯಲ್ಲಿ ಒಂದೇ ಯಂತ್ರವನ್ನು ಅರ್ಧ ವೇಗದಲ್ಲಿ ಓಡಿಸಿದರೆ 31! ಎರಡನೆಯ ಯಂತ್ರದ ದುಡ್ಡು ಮಾಡದ ಕೆಲಸವನ್ನು ಫೋಮ್ ಟೇಪಿನ ಸುರುಳಿ ಮಾಡುತ್ತದೆ.

ಸೋರಿಕೆ ಎಲ್ಲೆಲ್ಲಿದೆ? ನೋಯ್ಡಾದ ಬಹುಮಹಡಿ ಸೊಸೈಟಿಗಳಲ್ಲಿ ಮಾಮೂಲಾಗಿ ಕಾಣುವುದು ಅಲ್ಯೂಮಿನಿಯಂ ಚೌಕಟ್ಟಿನ ಸರಿಯುವ ಕಿಟಕಿ. ಎರಡು ಗಾಜು, ಒಂದು ಸೊಳ್ಳೆ ಜಾಲರಿ, ಒಂದರ ಪಕ್ಕ ಒಂದು ಓಡುವ ಹಳಿಗಳು. ಗಾಜುಗಳು ಒಂದರ ಮೇಲೊಂದು ಬರುವ ನಡುಪಟ್ಟಿಯಲ್ಲಿ ಕೂದಲಿನಂಥ ಬ್ರಷ್ ಪಟ್ಟಿ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ಸವೆದು, ಅಲ್ಲಲ್ಲಿ ಕಿತ್ತು ಬಂದಿರುತ್ತದೆ. ಕೆಳಗಿನ ಹಳಿಯಲ್ಲಿ ಮಳೆನೀರು ಹೋಗಲೆಂದು ಕೊರೆದ ತೂತುಗಳುಂಟು. ಬಿಳಿ ಬಟ್ಟೆಯಿಂದ ಆ ಹಳಿಯನ್ನು ಒರೆಸಿ ನೋಡಿದರೆ ಬರುವುದು ಮಣ್ಣಿನ ಕಂದು ಬಣ್ಣವಲ್ಲ, ಬೂದುಗಪ್ಪು ಮಸಿ. ಇನ್ನು ಎಸಿ ಪೈಪು ಹೊರಹೋಗುವ ತೂತು, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಬಾಯಿ, ಮುಂಬಾಗಿಲ ಕೆಳಗಿನ ಬೆರಳಗಲದ ಜಾಗ. ಉರಿಸಿದ ಊದುಬತ್ತಿಯನ್ನು ಇವುಗಳ ಬಳಿ ಹಿಡಿದರೆ ಹೊಗೆ ಬಾಗುವ ದಿಕ್ಕೇ ಲೆಕ್ಕ ಹೇಳುತ್ತದೆ. ಸೆಕ್ಟರ್ 93ಎಯ ಸೂಪರ್‌ಟೆಕ್ ಅವಳಿ ಗೋಪುರಗಳನ್ನು 2022ರ ಆಗಸ್ಟ್ 28ರಂದು ಉರುಳಿಸಿದಾಗ ಪಕ್ಕದ ಕಟ್ಟಡಗಳಿಗೆ ಧೂಳು ತಡೆಯುವ ಬಟ್ಟೆ ಹೊದಿಸಿದ್ದರು. ಕೆಲವು ಕ್ಷಣಗಳ ಧೂಳಿಗೆ ಅಷ್ಟು ಸಿದ್ಧತೆ. ಮೂರು ತಿಂಗಳ ಹೊಗೆಗೆ ನಡುಪಟ್ಟಿಯ ಬ್ರಷ್ ಬದಲಾಯಿಸುವವರು ವಿರಳ.

ಯಂತ್ರದ ಡಬ್ಬಿಯ ಮೇಲಿನ ‘ಇಷ್ಟು ಚದರಡಿಗೆ’ ಎಂಬ ಮಾತನ್ನು ನಂಬಿ ಕೊಳ್ಳಬಾರದು. ಚೀನಾದ ಮಾನದಂಡದಲ್ಲಿ ಸಿಎಡಿಆರ್ ಅನ್ನು 0.07ರಿಂದ 0.12ರವರೆಗಿನ ಅಂಕಿಯಿಂದ ಗುಣಿಸಿ ಚದರ ಮೀಟರ್ ತೆಗೆಯುತ್ತಾರೆ. ದೊಡ್ಡ ಅಂಕಿ ಹಿಡಿದರೆ ನಮ್ಮ 240ರ ಯಂತ್ರ 310 ಚದರಡಿಗೆ ಸಾಕು ಎಂದಾಗುತ್ತದೆ. ಮೇಲಿನ ಲೆಕ್ಕದ ಸೋರುವ ಕೋಣೆಯಲ್ಲಿ ಅದು 168 ಚದರಡಿಗೇ ಏದುಸಿರು ಬಿಟ್ಟಿತು. ನಿಮಿಷಕ್ಕೆ ಘನ ಅಡಿಗಳಲ್ಲಿ ಅಳೆದ ಸಿಎಡಿಆರ್ ಕೋಣೆಯ ಚದರಡಿಯ ಮೂರನೇ ಎರಡರಷ್ಟಿರಲಿ ಎನ್ನುವ ಅಮೆರಿಕದ ಗೃಹೋಪಕರಣ ತಯಾರಕರ ಸಂಘದ ಸೂತ್ರ ಆ ದೊಡ್ಡ ಅಂಕಿಗಿಂತ ಬಿಗಿಯಾದದ್ದು, ಆದರೆ ಅದು 8 ಅಡಿ ಎತ್ತರದ ಕೋಣೆಗೆ ಹೊಲಿದ ಅಂಗಿ. ಆದ್ದರಿಂದ ಚದರಡಿ ಬಿಟ್ಟು, ಕೋಣೆಯ ಘನಮೀಟರಿನ ಐದು ಪಟ್ಟು ಸಿಎಡಿಆರ್ ಇದೆಯೇ ಎಂದು ನೋಡುವುದು ಕ್ಷೇಮ. ಅದೂ ಗರಿಷ್ಠ ವೇಗದ ಅಂಕಿಯಲ್ಲ. ಆ ವೇಗದ ಸದ್ದಿನಲ್ಲಿ ಯಾರೂ ಮಲಗಲಾರರು, ರಾತ್ರಿ ಎಲ್ಲರೂ ಕೆಳಗಿನ ವೇಗಕ್ಕೆ ಇಳಿಸುತ್ತಾರೆ. ನಿದ್ದೆಗೆ ಅಡ್ಡಿಯಾಗದ ವೇಗದಲ್ಲಿ ಎಷ್ಟು ಗಾಳಿ ಬರುತ್ತದೆ ಎಂಬುದೇ ಯಂತ್ರದ ನಿಜವಾದ ಅಳತೆ.

ಹೆಪಾ ಫಿಲ್ಟರಿನ 99.97% ಎಂಬ ಅಂಕಿಗೆ ಅಂಗಡಿಯಲ್ಲಿ ಸಿಗುವ ಗೌರವ ಅದರ ಉಪಯೋಗಕ್ಕಿಂತ ಹೆಚ್ಚು. 99.97 ಇರಲಿ, 99 ಇರಲಿ, ಕೋಣೆಯ ಗಾಳಿ ಮತ್ತೆ ಮತ್ತೆ ಸುತ್ತುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಎಷ್ಟು ಗಾಳಿ ಹಾಯುತ್ತದೆ ಎಂಬುದೇ ಮುಖ್ಯ. ಫಿಲ್ಟರಿನ ಆಯುಸ್ಸು ಮಾತ್ರ ಬೇರೆ ವಿಚಾರ. ಚೀನಾದ 2015ರ ಮಾನದಂಡದ ಪಿ4 ಎಂಬ ಉನ್ನತ ದರ್ಜೆಯ ಯಂತ್ರ, ಸಿಎಡಿಆರ್ ಅರ್ಧಕ್ಕಿಳಿಯುವ ಮುನ್ನ ಕನಿಷ್ಠ 12,000 ಮಿಲಿಗ್ರಾಂ ಕಣ ಹಿಡಿಯಬೇಕಿತ್ತು. ಹೊರಗೆ 250 ಹಾಗೇ ಇದ್ದು ಯಂತ್ರ ಹಗಲಿರುಳು ಓಡಿದರೆ, ಆ ಕನಿಷ್ಠ ಮಿತಿಯನ್ನು ಸೋರುವ ಕೋಣೆ ಸುಮಾರು 37 ದಿನಗಳಲ್ಲಿ ಮುಟ್ಟುತ್ತದೆ, ಮುಚ್ಚಿದ ಕೋಣೆ ಸುಮಾರು 119 ದಿನಗಳಲ್ಲಿ. ನಡುನಡುವೆ ಗಾಳಿ ತಿಳಿಯಾಗುವುದರಿಂದ ನಿಜದಲ್ಲಿ ಎರಡೂ ಇನ್ನಷ್ಟು ಬಾಳುತ್ತವೆ, ಅನುಪಾತ ಬದಲಾಗದು. ಯಂತ್ರ ಕೊಳ್ಳುವ ಮುನ್ನ ಬದಲಿ ಫಿಲ್ಟರಿನ ಬೆಲೆ ವಿಚಾರಿಸಬೇಕಾದದ್ದು ಇದಕ್ಕೇ.

ಯಂತ್ರದ ಮುಖದ ಮೇಲಿನ ಅಂಕಿಯನ್ನೂ ಅನುಮಾನದಿಂದ ನೋಡಬೇಕು. ಸೆನ್ಸರು ಕೂತಿರುವುದು ಯಂತ್ರದ ಮೈಯಲ್ಲೇ, ಅಂದರೆ ಕೋಣೆಯಲ್ಲಿ ಎಲ್ಲಕ್ಕಿಂತ ಶುದ್ಧ ಗಾಳಿ ಇರುವ ಜಾಗದ ಪಕ್ಕ. ಅದು 20 ತೋರಿಸುವಾಗ ದಿಂಬಿನ ಬಳಿ ಹೆಚ್ಚೇ ಇರಬಹುದು. ಆಟೋ ಮೋಡಿನಲ್ಲಿಟ್ಟರೆ ಆ ಅಂಕಿ ನಂಬಿ ಯಂತ್ರ ತಾನೇ ನಿಧಾನವಾಗುತ್ತದೆ. ಚಳಿಗಾಲದಲ್ಲಿ ಆಟೋ ಬಿಟ್ಟು ಒಂದೇ ವೇಗದಲ್ಲಿ ಓಡಿಸುವುದು ಮೇಲು. ಓಝೋನ್ ಬಿಡುವ ಅಯಾನೀಕರಣದ ಯಂತ್ರ ಬೇಡ. ಕುಂಡದ ಗಿಡಗಳು ಗಾಳಿ ಶುದ್ಧಮಾಡುತ್ತವೆ ಎಂಬ ನಂಬಿಕೆಯ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಪುಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿ, ಪರೀಕ್ಷಿಸಿದ್ದು ಅನಿಲಗಳನ್ನು. ಹೊಗೆಯ ಕಣಗಳಿಗೆ ಅದನ್ನು ಅನ್ವಯಿಸುವಂತಿಲ್ಲ.

ಸಂದೆಲ್ಲ ಮುಚ್ಚುವುದಕ್ಕೂ ಮಿತಿಯುಂಟು. ಪ್ಯೂರಿಫೈಯರ್ ಇಂಗಾಲದ ಡೈಆಕ್ಸೈಡನ್ನು ತೆಗೆಯುವುದಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಇಬ್ಬರು ಮಲಗಿದ ನಮ್ಮ ಕೋಣೆಯಲ್ಲಿ ಗಂಟೆಗೆ ಅರ್ಧದಷ್ಟು ಗಾಳಿ ಬದಲಾದರೂ ಇಂಗಾಲದ ಡೈಆಕ್ಸೈಡ್ 1,500 ಪಿಪಿಎಂ ಆಸುಪಾಸಿಗೆ ಏರುತ್ತದೆ. ಇನ್ನೂ ಬಿಗಿ ಮಾಡಿದರೆ ಬೆಳಗಾಗುವಷ್ಟರಲ್ಲಿ 2,000 ದಾಟಿ, ತಲೆ ಭಾರವಾಗಿ ಎದ್ದೇಳುವಂತಾಗುತ್ತದೆ. ಕರ್ನಾಟಕದಿಂದ ಬಂದ ಮನೆಯವರು ಎದ್ದ ಕೂಡಲೇ ಕಿಟಕಿ ತೆರೆಯುತ್ತಾರೆ, ನಮ್ಮೂರಿನ ಆ ರೂಢಿಯಲ್ಲಿ ತಪ್ಪಿಲ್ಲ. ನೋಯ್ಡಾದ ಚಳಿಗಾಲಕ್ಕೆ ಹೊತ್ತು ಮಾತ್ರ ತಪ್ಪು. ರಾತ್ರಿ ತಣ್ಣಗಾದ ನೆಲದ ಮೇಲೆ ಹೊಗೆ ಒತ್ತಿ ಕೂತಿರುತ್ತದೆ. ಬಿಸಿಲೇರಿ ಗಾಳಿ ಮೇಲೆ ಕೆಳಗೆ ಬೆರೆತ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೆ ಸಾಮಾನ್ಯವಾಗಿ ಅತಿ ತಿಳಿಯಾಗಿರುತ್ತದೆ. ಕಿಟಕಿ ಆಗ ತೆರೆಯಬೇಕು.

ಒಗ್ಗರಣೆಯ ಹೊಗೆಗೆ ಪ್ಯೂರಿಫೈಯರನ್ನು ಅಡುಗೆಮನೆಗೆ ಒಯ್ಯುವವರಿದ್ದಾರೆ. ಎಣ್ಣೆ ಹಬೆ ಕುಡಿದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ವಾಸನೆಯೂ ಹಿಡಿಯುತ್ತದೆ. ಆ ಕೆಲಸ ಚಿಮಣಿಯದು. ಆದರೆ ಹೊರಗೆ ಪೈಪು ಬಿಟ್ಟ ಚಿಮಣಿಗಳಲ್ಲಿ ಎಷ್ಟೋ ಗಂಟೆಗೆ 1,000 ಘನಮೀಟರ್ ಹೀರುತ್ತೇವೆ ಎನ್ನುತ್ತವೆ. ಅದರ ಅರ್ಧ ಹೀರಿದರೂ ಅಷ್ಟೇ ಗಾಳಿ ಮನೆಯ ಬೇರೆ ಸಂದುಗಳಿಂದ ಒಳಬರಲೇಬೇಕು, ಮಲಗುವ ಕೋಣೆಯ ಕಿಟಕಿಯೂ ಅದರಲ್ಲೊಂದು. ಹಾಗಾಗಿ ಸಾಸಿವೆ ಸಿಡಿಯುವ ಮುಂಚೆ ಅಡುಗೆಮನೆಯ ಕಿಟಕಿಯನ್ನೇ ನಾಲ್ಕು ಬೆರಳು ತೆರೆದು, ಮಲಗುವ ಕೋಣೆಯ ಬಾಗಿಲು ಹಾಕಿ, ಒಳಗಿನ ಯಂತ್ರವನ್ನು ಮೇಲಿನ ವೇಗಕ್ಕಿಡಬೇಕು. ಒಲೆ ಆರಿಸಿದ ಮೇಲೆ ಚಿಮಣಿಯನ್ನು ಇನ್ನೊಂದಿಷ್ಟು ಹೊತ್ತು ಓಡಲು ಬಿಟ್ಟು, ಕಿಟಕಿ ಮುಚ್ಚಿದರಾಯಿತು. ಕೋಣೆಗೆ ನುಗ್ಗಿದ ಹೆಚ್ಚುವರಿ ಹೊಗೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಗಂಟೆಗೆ ಐದು ಸಲ ತೊಳೆಯುವ ಯಂತ್ರ ಅರ್ಧ ಗಂಟೆಯಲ್ಲಿ ಹಿಡಿದಿರುತ್ತದೆ.