ಅಮೃತಬಳ್ಳಿ, ಗುಳವೇಲ್, ಗಿಲೋಯ್: ಹೆಸರು ಹಲವು, ಬಳ್ಳಿ ಒಂದೇ

ನಾಸಿಕ್ ಅಥವಾ ಛತ್ರಪತಿ ಸಂಭಾಜಿನಗರದ ಆಯುರ್ವೇದ ಅಂಗಡಿಯಲ್ಲಿ ಮರಾಠಿಯಲ್ಲಿ ‘ಗುಳವೇಲ್’ ಎಂದು ಕೇಳಿದರೂ, ಹಿಂದಿಯಲ್ಲಿ ‘ಗಿಲೋಯ್’ ಎಂದು ಕೇಳಿದರೂ ಸಿಗುವುದು ಒಂದೇ ಮೂಲಿಕೆ. ಆಯುರ್ವೇದ ಗ್ರಂಥಗಳಲ್ಲಿ ಅದು ‘ಗುಡೂಚಿ’, ಕನ್ನಡದಲ್ಲಿ ‘ಅಮೃತಬಳ್ಳಿ’. ಹೆಸರು ಬೇರೆಯಾದ್ದರಿಂದ ಮದ್ದೂ ಬೇರೆ ಎಂದು ತಿಳಿಯುವುದು ಸುಲಭ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡ ಮನೆಯೊಂದರಲ್ಲಿ ಬೆಳಿಗ್ಗೆ ಅಮೃತಬಳ್ಳಿ ಕಷಾಯ, ಮಧ್ಯಾಹ್ನ ಗುಳವೇಲ್ ಪುಡಿ, ರಾತ್ರಿ ಗಿಲೋಯ್ ರಸ ಕುಡಿದರೆ, ದಿನಕ್ಕೆ ಮೂರು ಬಾರಿ ಒಂದೇ ಔಷಧಿ ತೆಗೆದುಕೊಂಡಂತೆ. ಇದು ಏಕೆ ಮುಖ್ಯ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಗಿಡದ ಪರಿಚಯ

ಅಮೃತಬಳ್ಳಿಯ ಸಸ್ಯಶಾಸ್ತ್ರೀಯ ಹೆಸರು ಟೈನೋಸ್ಪೋರಾ ಕಾರ್ಡಿಫೋಲಿಯಾ. ಇದು ಮೆನಿಸ್ಪರ್ಮೇಸಿ ಕುಟುಂಬಕ್ಕೆ ಸೇರಿದೆ. ‘ಕಾರ್ಡಿಫೋಲಿಯಾ’ ಎಂದರೆ ಹೃದಯದ ಆಕಾರದ ಎಲೆ ಉಳ್ಳದ್ದು. ಮರಗಳಿಗೆ ಹಬ್ಬಿ ಬೆಳೆಯುವ ಈ ಬಳ್ಳಿಯ ಕಾಂಡ ಬಲಿತಂತೆ ದಪ್ಪವಾಗುತ್ತದೆ. ಕಾಗದದಂತೆ ಸುಲಿಯುವ ತೆಳು ತೊಗಟೆ, ಅದರ ಮೇಲೆ ಸಣ್ಣ ಗಂಟುಗಳು, ಕೊಂಬೆಗಳಿಂದ ದಾರದಂತೆ ಇಳಿಬೀಳುವ ಬೇರುಗಳು ಇದರ ಗುರುತು. ಕಾಂಡವನ್ನು ಅಡ್ಡ ಕತ್ತರಿಸಿದರೆ ಒಳಗೆ ಚಕ್ರದ ಅರಗಳಂಥ ರಚನೆ ಕಾಣುತ್ತದೆ. ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ ಬಳ್ಳಿಗಳಲ್ಲಿ ಬಿಡುತ್ತವೆ. ಹಣ್ಣು ಬಟಾಣಿ ಗಾತ್ರದ್ದು, ಮಾಗಿದಾಗ ಕೆಂಪು.

ಕತ್ತರಿಸಿದ ತುಂಡೂ ಮತ್ತೆ ಚಿಗುರುವುದರಿಂದ ಸಂಸ್ಕೃತದಲ್ಲಿ ಇದಕ್ಕೆ ‘ಛಿನ್ನರುಹಾ’ ಎಂಬ ಹೆಸರೂ ಇದೆ. ಔಷಧಿಗೆ ಮುಖ್ಯವಾಗಿ ಬಳಸುವುದು ಕಾಂಡವನ್ನು. ಮುಂಬೈ–ನಾಸಿಕ್ ದಾರಿಯಲ್ಲಿರುವ ಠಾಣೆ ಜಿಲ್ಲೆಯ ಶಹಾಪುರದಲ್ಲಿ ಕಾತಕರಿ ಬುಡಕಟ್ಟಿನವರು ಕಾಡಿನ ಗುಳವೇಲ್ ಸಂಗ್ರಹಿಸಿ, ವನ್ ಧನ್ ಕೇಂದ್ರದ ಮೂಲಕ ಔಷಧಿ ಕಂಪನಿಗಳಿಗೆ ಮಾರಿದ್ದಾರೆ.

ಇದೇ ಜಾತಿಯ ಬೇರೆ ಬಳ್ಳಿಗಳೂ ನೋಡಲು ಹೀಗೆಯೇ ಇರುತ್ತವೆ. ಅವುಗಳಲ್ಲಿ ಟೈನೋಸ್ಪೋರಾ ಕ್ರಿಸ್ಪಾ ಯಕೃತ್ತಿಗೆ (ಲಿವರ್) ಹಾನಿ ಮಾಡಬಲ್ಲದು. ಅದರ ಕಾಂಡದ ಮೇಲಿನ ಗಂಟುಗಳು ಹೆಚ್ಚು ಉಬ್ಬಿರುತ್ತವೆ. ಒಣಗಿಸಿ ಪುಡಿ ಮಾಡಿದ ಮೇಲೆ ಎರಡನ್ನೂ ಕಣ್ಣಿನಿಂದ ಗುರುತಿಸಲು ಆಗುವುದಿಲ್ಲ.

ಯಾವುದಕ್ಕೆ ಬಳಸುತ್ತಾರೆ? ಪುರಾವೆ ಎಷ್ಟು?

ಆಯುರ್ವೇದದಲ್ಲಿ ಇದನ್ನು ಜ್ವರ, ಚರ್ಮರೋಗ, ಮಧುಮೇಹ ಮತ್ತು ಸಂಧಿವಾತಕ್ಕೆ ಬಳಸುತ್ತಾರೆ. ಚರಕ ಸಂಹಿತೆ ಇದನ್ನು ರಸಾಯನ ದ್ರವ್ಯಗಳಲ್ಲಿ ಸೇರಿಸಿದೆ. ಕಾಂಡದಲ್ಲಿ ಬೆರ್ಬೆರಿನ್, ಪಾಲ್ಮಟೀನ್‌ನಂಥ ಆಲ್ಕಲಾಯ್ಡ್‌ಗಳಿವೆ. ರೋಗನಿರೋಧಕ ಜೀವಕೋಶಗಳನ್ನು ಚುರುಕುಗೊಳಿಸುವ ಪಾಲಿಸ್ಯಾಕರೈಡ್‌ಗಳೂ ಇವೆ.

ಮನುಷ್ಯರ ಮೇಲೆ ನಡೆದ ಅಧ್ಯಯನಗಳು ಹೆಚ್ಚಿನವು ಸಣ್ಣವು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲರ್ಜಿಯ ಶೀತವಿದ್ದ 75 ಮಂದಿಗೆ 8 ವಾರ ಇದರ ಸಾರ ಅಥವಾ ಹುಸಿ ಮಾತ್ರೆ ಕೊಡಲಾಯಿತು. ಸಾರ ತೆಗೆದುಕೊಂಡವರಲ್ಲಿ ಸೀನು, ಮೂಗು ಸೋರುವುದು ಕಡಿಮೆಯಾಯಿತು. ಆದರೆ ಅಮೃತಬಳ್ಳಿ ಕೋವಿಡ್ ಬರದಂತೆ ತಡೆಯುತ್ತದೆ ಅಥವಾ ಮಧುಮೇಹದ ಮಾತ್ರೆಗೆ ಬದಲಾಗಬಲ್ಲದು ಎನ್ನಲು ಸಾಕಷ್ಟು ಪುರಾವೆ ಇಲ್ಲ.

ಯಕೃತ್ತಿನ ತೊಂದರೆಯ ಬಗ್ಗೆ ಏನು ಗೊತ್ತಿದೆ?

ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗಾಗಿ ಎಂದು ಬಹಳ ಜನ ಇದನ್ನು ದಿನವೂ ಸೇವಿಸಿದರು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈನ ವೈದ್ಯರು ಹೀಗೆ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿನ ಹಾನಿಯನ್ನು ಕಂಡು, 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಗುಡೂಚಿ ಸುರಕ್ಷಿತ, ರೋಗಿಗಳು ಸೇವಿಸಿದ್ದು ಅದನ್ನು ಹೋಲುವ ಬೇರೆ ಬಳ್ಳಿ ಆಗಿರಬಹುದು ಎಂದಿತು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಇಂಥ 43 ರೋಗಿಗಳ ವಿವರ ಪ್ರಕಟಿಸಿದರು. ಸೇವನೆ ಶುರುವಾಗಿ ಸುಮಾರು 46 ದಿನಗಳ ಬಳಿಕ ಲಕ್ಷಣಗಳು ಕಾಣಿಸಿಕೊಂಡಿದ್ದವು. ಮೊದಲೇ ಯಕೃತ್ತಿನ ಕಾಯಿಲೆ ಇದ್ದವರಲ್ಲಿ ಅದು ಹಠಾತ್ತನೆ ಉಲ್ಬಣಿಸಿದ್ದೇ ಹೆಚ್ಚು.

ಹಲವರಲ್ಲಿ ಕಂಡ ಹಾನಿ ಆಟೋಇಮ್ಯೂನ್ ಹೆಪಟೈಟಿಸ್ ಅನ್ನು ಹೋಲುತ್ತಿತ್ತು. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ದಾಳಿ ಮಾಡುತ್ತದೆ. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಮೂಲಿಕೆ, ಒಳಗೇ ಅಡಗಿದ್ದ ಈ ಪ್ರವೃತ್ತಿಯನ್ನು ಹೊರತರಬಹುದು ಎಂಬುದು ವೈದ್ಯರ ವಿವರಣೆ. ಕಾರಣ ತಪ್ಪು ಬಳ್ಳಿಯೇ ಆಗಿರಲಿ, ಸರಿಯಾದ ಬಳ್ಳಿಯೇ ಆಗಿರಲಿ, ರೋಗಿ ವಹಿಸಬೇಕಾದ ಎಚ್ಚರ ಒಂದೇ.

ಯಾರು ವೈದ್ಯರನ್ನು ಕೇಳದೆ ಸೇವಿಸಬಾರದು?

• ಯಕೃತ್ತಿನ ಯಾವುದೇ ಕಾಯಿಲೆ ಇರುವವರು
• ಥೈರಾಯ್ಡ್‌ನ ಆಟೋಇಮ್ಯೂನ್ ತೊಂದರೆ, ಲೂಪಸ್, ರುಮಟಾಯ್ಡ್ ಸಂಧಿವಾತ ಇರುವವರು
• ಅಂಗಾಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು
• ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು (ಸಕ್ಕರೆ ಅಂಶ ತೀರಾ ಇಳಿಯಬಹುದು)
• ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು
• ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು

ಲೇಬಲ್‌ನಲ್ಲಿ ಏನು ನೋಡಬೇಕು?

ಡಬ್ಬಿಯ ಮುಂಭಾಗದ ಹೆಸರನ್ನಷ್ಟೇ ನೋಡಬೇಡಿ, ಹಿಂದಿರುವ ಘಟಕಗಳ ಪಟ್ಟಿ ಓದಿ. ಗುಡೂಚಿ, ಅಮೃತಾ, ಗಿಲೋಯ್, ಗುಳವೇಲ್, ಟೈನೋಸ್ಪೋರಾ ಇವೆಲ್ಲವೂ ಒಂದೇ. ಸಂಶಮನೀ ವಟಿ, ಗುಡೂಚಿ ಸತ್ವ, ಅಮೃತಾರಿಷ್ಟ, ಕೈಶೋರ ಗುಗ್ಗುಲುಗಳಲ್ಲೂ ಇದು ಇರುತ್ತದೆ. ಅಮೃತಾರಿಷ್ಟ ಹುದುಗಿಸಿ ತಯಾರಿಸುವ ಔಷಧಿ, ಅದರಲ್ಲಿ ಆಲ್ಕೋಹಾಲ್ ಕೂಡ ಇರುತ್ತದೆ ಎಂಬುದನ್ನು ಯಕೃತ್ತಿನ ರೋಗಿಗಳು ಮರೆಯಬಾರದು. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಪುಡಿಯನ್ನು ಕೊಳ್ಳಬೇಡಿ. ಗುರುತು ಖಚಿತವಿಲ್ಲದ ಬಳ್ಳಿಯನ್ನು ಕಿತ್ತು ಕಷಾಯ ಮಾಡಬೇಡಿ.

ಈ ಲಕ್ಷಣಗಳು ಕಂಡರೆ

ಕಣ್ಣು ಅಥವಾ ಚರ್ಮ ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು, ಮೈ ತುರಿಕೆ, ವಾಕರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು ಕಂಡರೆ ಸೇವನೆಯನ್ನು ಕೂಡಲೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಅವರು ಬಿಲಿರುಬಿನ್, ಎಸ್‌ಜಿಪಿಟಿ, ಎಸ್‌ಜಿಒಟಿ ರಕ್ತಪರೀಕ್ಷೆ ಮಾಡಿಸಬಹುದು. ರೋಗಿಗೆ ಗೊಂದಲ, ಅತಿಯಾದ ಮಂಪರು ಅಥವಾ ರಕ್ತವಾಂತಿ ಇದ್ದರೆ ತಡಮಾಡದೆ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.

ಆರೈಕೆ ಮಾಡುವವರಿಗೆ

ಮನೆಯ ಹಿರಿಯರು ಕಷಾಯವನ್ನು ‘ಔಷಧಿ’ ಎಂದು ಎಣಿಸುವುದಿಲ್ಲ. ‘ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದು ವೈದ್ಯರು ಕೇಳಿದರೆ ‘ಏನೂ ಇಲ್ಲ’ ಎಂದುಬಿಡುತ್ತಾರೆ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಪುಡಿ, ರಸ, ಮಾತ್ರೆಗಳ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಸಿಕ್‌ನ ವೈದ್ಯರಿಗೆ ‘ಅಮೃತಬಳ್ಳಿ’ ಎಂದರೆ ಅರ್ಥವಾಗದಿರಬಹುದು, ‘ಗುಳವೇಲ್’ ಎನ್ನಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂಬುದನ್ನೂ ತಿಳಿಸಿ. ಔಷಧಿಯಿಂದ ತೊಂದರೆಯಾಗಿದೆ ಎನಿಸಿದರೆ ಭಾರತೀಯ ಔಷಧ ಜಾಗ್ರತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ ವರದಿ ಮಾಡಬಹುದು.

ಈ ಮಾಹಿತಿ ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರು ಬರೆದುಕೊಟ್ಟ ಯಾವುದೇ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.