ಹೆಸರು ಉಳಿದ ಹೆಂಗಸರು

ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಹೆಂಗಸರನ್ನು ಕರೆಯುವ ಪದಗಳು ಬಹಳ, ಹೆಸರು ಹಿಡಿದು ಕರೆಯುವುದು ಮಾತ್ರ ಅಪರೂಪ. ಅತ್ತೆ, ಅತ್ತಿಗೆ, ಚಿಕ್ಕಮ್ಮ, ಮೇಲಿನ ಮನೆ ಅಮ್ಮ ಎಂದು ಕರೆಸಿಕೊಳ್ಳುತ್ತಲೇ ಒಂದು ಆಯುಷ್ಯ ಕಳೆದುಹೋಗುತ್ತಿತ್ತು. ಮದುವೆಯಲ್ಲಿ ಹೆಸರನ್ನೇ ಬದಲಿಸುವ ಪದ್ಧತಿಯೂ ಅನೇಕ ಮನೆಗಳಲ್ಲಿತ್ತು. ನನ್ನ ಅಜ್ಜಿಗೂ ಹಾಗೆಯೇ ಆಗಿತ್ತು. ಅವರ ತವರಿನ ಹೆಸರೇನೆಂದು ಅಮ್ಮನನ್ನು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ; ಗೊತ್ತಿದ್ದ ಹಿರಿಯರು ಯಾರೂ ಉಳಿದಿರಲಿಲ್ಲ. ಎರಡು ತಲೆಮಾರಿನ ಮಾತೇ ಹೀಗಾದರೆ, ಸಾವಿರ ವರ್ಷದ ಹಿಂದಿನ ಹೆಣ್ಣಿನ ಹೆಸರು ಉಳಿದೀತೇ? ಉಳಿದಿದ್ದರೆ ಹೇಗೆ ಉಳಿಯಿತು? ಈ ಪ್ರಶ್ನೆ ಹಿಡಿದುಕೊಂಡೇ ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಇತಿಹಾಸ ಓದತೊಡಗಿದೆ.

ಆಶ್ಚರ್ಯವೆಂದರೆ, ಉಳಿದಿದೆ. ಹೊಸನಗರ ತಾಲ್ಲೂಕಿನ ಹುಂಚ ಸಾಂತರ ಅರಸರ ರಾಜಧಾನಿ. ಅಲ್ಲಿನ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ. ಗಂಡನನ್ನು ಕಳೆದುಕೊಂಡು, ತೀರಿಹೋದ ತಂಗಿಯ ನಾಲ್ವರು ಮಕ್ಕಳನ್ನು ತನ್ನವರೆಂದೇ ಸಾಕಿದವಳು. ಅಗಲಿದವರ ನೆನಪಿಗೆಂದು ಬಸದಿ ಕಟ್ಟಿಸಿದಾಗ ತಂದೆಯ ಹೆಸರಿನ ಜೊತೆಗೆ ತಾಯಿ ಗಾವಬ್ಬರಸಿಯ ಹೆಸರನ್ನೂ ಸೇರಿಸಿದಳು. ಆ ಹೆಸರನ್ನು ಬಿಡಿಸಿ ನೋಡಿ: ಅಬ್ಬೆ ಎಂದರೆ ತಾಯಿ, ಅರಸಿ ಎಂದರೆ ರಾಣಿ. ಹವ್ಯಕರ ಮಾತಿನಲ್ಲಿ ತಾಯಿಯನ್ನು ಅಬ್ಬೆ ಎನ್ನುವವರು ಈಗಲೂ ಇದ್ದಾರೆ.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನದಲ್ಲಿ ಇನ್ನೊಬ್ಬ 'ಅಬ್ಬೆ' ಸಿಗುತ್ತಾಳೆ, ಜಕ್ಕಿಯಬ್ಬೆ. ರಾಷ್ಟ್ರಕೂಟರ ಕಾಲ, 10ನೇ ಶತಮಾನದ ಆರಂಭ. ನಾಡಿನ ಆಡಳಿತ ನೋಡುತ್ತಿದ್ದ ಗಂಡ ತೀರಿಕೊಂಡಾಗ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಪದವಿ ಅವಳಿಗೆ ಬಂತು. ಗಂಡನಿಗಿದ್ದ ಪದವಿಯೇ ಅವಳಿಗೂ ಸಂದಿತು.

ಬಿರುದುಗಳಲ್ಲೂ ಎರಡು ಬಗೆ ಕಾಣುತ್ತವೆ. ಚಾಲುಕ್ಯರ ಅಕ್ಕಾದೇವಿ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ 'ರಣಭೈರವಿ' ಎನಿಸಿಕೊಂಡಳು. ಲಕ್ಕುಂಡಿಯ ಅತ್ತಿಮಬ್ಬೆ ದಾನಕ್ಕಾಗಿ 'ದಾನಚಿಂತಾಮಣಿ'ಯಾದಳು. ಆದರೆ ನಾಟ್ಯ ಸಂಗೀತಗಳಲ್ಲಿ ಹೆಸರಾದ ಶಾಂತಲೆಗೆ ಸಂದ ಬಿರುದುಗಳಲ್ಲೊಂದು 'ಸವತಿಗಂಧವಾರಣೆ', ಅಂದರೆ ಸವತಿಯರ ಪಾಲಿಗೆ ಮದ್ದಾನೆ. ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿಗೂ ಅದೇ ಹೆಸರು. ಮೊದಲಿನೆರಡು ಬಿರುದು ಅವರವರ ಕೆಲಸಕ್ಕೆ ಸಂದದ್ದು, ಮೂರನೆಯದು ಗಂಡನ ಅಂತಃಪುರದೊಳಗಿನ ಸ್ಥಾನಕ್ಕೆ.

ಕೆಳದಿಯ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಸೋಮಶೇಖರ ನಾಯಕನ ಕೊಲೆಯ ಬಳಿಕ 1671ರಲ್ಲಿ ಪಟ್ಟಕ್ಕೆ ಬಂದ ಚೆನ್ನಮ್ಮಾಜಿ ಕಾಲು ಶತಮಾನ ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಅವಳ ಹೆಸರಿನಿಂದ ಗೌರವದ 'ಜೀ' ತೆಗೆದರೆ ಉಳಿಯುವುದು ಚೆನ್ನಮ್ಮ, ನಮ್ಮ ಯಾವ ಮನೆಯ ಅಡಿಗೆಕೋಣೆಯಲ್ಲಾದರೂ ಕೇಳಬಹುದಾದ ಹೆಸರು. ಕೊನೆಯ ರಾಣಿ ವೀರಮ್ಮಾಜಿ 1763ರಲ್ಲಿ ಬಿದನೂರನ್ನು ಹೈದರಾಲಿಗೆ ಕಳೆದುಕೊಂಡಳು. ಆಗ ಊರಿಗೇ ಹೈದರನಗರವೆಂದು ಹೆಸರು ಬದಲಾಯಿತು, ಈಗ ಬರಿಯ ನಗರ. ಒಡೆಯ ಬದಲಾದಾಗ ಊರಿನ ಹೆಸರು ಬದಲಾಗುವುದಕ್ಕೂ ಮನೆ ಬದಲಾದಾಗ ಹೆಣ್ಣಿನ ಹೆಸರು ಬದಲಾಗುವುದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣುವುದಿಲ್ಲ.

ಇದು ನಮ್ಮ ಸೀಮೆಯ ಮಾತಷ್ಟೇ ಅಲ್ಲ. ಪ್ರಾಚೀನ ಇರಾನಿನ ಚಕ್ರವರ್ತಿಗಳು ಬಂಡೆಗಳ ಮೇಲೆ ಕೊರೆಸಿದ ಹಳೆಯ ಪಾರಸಿ ಶಾಸನಗಳಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಆದರೆ ಪರ್ಸೆಪೊಲಿಸ್ ಅರಮನೆಯಲ್ಲಿ ದೊರೆತ ಲೆಕ್ಕಪತ್ರದ ಮಣ್ಣಿನ ಹಲಗೆಗಳಲ್ಲಿ ಇರ್ದಬಾಮಾ, ಇರ್ತಶ್ದುನಾ ಎಂಬ ಹೆಂಗಸರು ತಮ್ಮದೇ ಮುದ್ರೆಯೊತ್ತಿ ದವಸಧಾನ್ಯದ ವ್ಯವಹಾರ ನಡೆಸುತ್ತಾರೆ. ರಾಜಮನೆತನದ ಹೆಣ್ಣಿಗೆ ಅಲ್ಲಿದ್ದ ಬಿರುದು 'ದುಕ್ಶಿಶ್'. ಅದರ ಮೂಲಾರ್ಥ ಮಗಳು. ಸಂಸ್ಕೃತದ 'ದುಹಿತೃ'ವಿಗೆ ಅದು ನಂಟು. ಕೀರ್ತಿ ಹೇಳುವ ಬಂಡೆಯ ಮೇಲೆ ಇಲ್ಲದವರು ಲೆಕ್ಕದ ಹಲಗೆಯ ಮೇಲೆ ಇದ್ದಾರೆ!

ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟೇ: ಕೈಯಲ್ಲಿ ಏನಾದರೂ ಇದ್ದವಳ ಹೆಸರು ಉಳಿದಿದೆ. ಭೂಮಿಯೋ, ಪದವಿಯೋ, ದಾನ ಕೊಡುವ ಹಕ್ಕೋ, ಒಂದು ಮುದ್ರೆಯೋ. ಅದಿಲ್ಲದವಳ ಹೆಸರನ್ನು ಮನೆತನದ ಪದವಿಯೇ ನುಂಗಿದೆ. ತೀರ್ಥಹಳ್ಳಿ ಸೀಮೆಯವರಾದ ಕುವೆಂಪು 1936ರಲ್ಲಿ ಪ್ರಕಟಿಸಿದ ಕಾದಂಬರಿ 'ಕಾನೂರು ಹೆಗ್ಗಡಿತಿ'. ಶಾಸನಗಳ 'ಪೆರ್ಗಡೆ' ಎಂಬ ಅಧಿಕಾರಿಯೇ ಹೆಗ್ಗಡೆಯಾದದ್ದು, ಅವನ ಹೆಂಡತಿ ಹೆಗ್ಗಡಿತಿ. ಆ ಹೆಗ್ಗಡಿತಿಗೆ ಸುಬ್ಬಮ್ಮ ಎಂಬ ಹೆಸರಿತ್ತೆಂದು ಪುಸ್ತಕ ಓದದವರಲ್ಲಿ ಎಷ್ಟು ಜನರಿಗೆ ಗೊತ್ತು?

ಈಗ ಕಾನೂನು ನಮ್ಮ ಕಡೆಗಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು ಕರ್ನಾಟಕದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ 2005ರಲ್ಲಿ. ಆದರೂ ತವರಿನ ಅಡಿಕೆ ತೋಟದ ಕಾಗದಪತ್ರದಲ್ಲಿ ಮಗಳ ಹೆಸರು ಮೊದಲ ಬಾರಿಗೆ ಕಾಣಿಸುವುದು ಬಹಳ ಸಲ ಯಾವಾಗ? ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವ ದಿನ. ಬಿಟ್ಟುಕೊಡಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ತವರಿನ ಪ್ರೀತಿಯ ಬೆಲೆ ಅವರವರಿಗೇ ಗೊತ್ತು. ಆದರೆ ಸಹಿ ಹಾಕುವ ಮೊದಲು ಆ ಕಾಗದವನ್ನು ನಿಧಾನವಾಗಿ ಓದಿ. ಮತ್ತು ಮನೆಯಲ್ಲಿ ಅಜ್ಜಿ ಇದ್ದರೆ ಅವರ ತವರಿನ ಹೆಸರನ್ನು ಕೇಳಿ, ಇವತ್ತೇ ಒಂದು ಕಡೆ ಬರೆದಿಡಿ.