ಸ್ವಪಕ್ಷದೊಳಗಿನ ರಾಜಿ: ಅಮೆರಿಕದ 2010ರ ಆರೋಗ್ಯ ವಿಮಾ ಕಾಯ್ದೆ

ಒಬಾಮಾಕೇರ್ ಎಂದು ಹೆಸರಾದ ಕಾಯ್ದೆಯನ್ನು ಬಹುಮತದ ಬಲದಿಂದ ಹೇರಲಾಯಿತು ಎಂಬ ವಾದವಿದೆ. ಮತಗಳ ಎಣಿಕೆ ಮೇಲ್ನೋಟಕ್ಕೆ ಇದನ್ನೇ ಪುಷ್ಟೀಕರಿಸುತ್ತದೆ: 2009ರ ಡಿಸೆಂಬರ್ 24ರಂದು ಸೆನೆಟ್‌ನಲ್ಲಿ 60–39, 2010ರ ಮಾರ್ಚ್ 21ರಂದು ಪ್ರತಿನಿಧಿ ಸಭೆಯಲ್ಲಿ 219–212. ಎರಡರಲ್ಲೂ ರಿಪಬ್ಲಿಕನ್ನರ ಒಂದು ಮತವೂ ಪರವಾಗಿ ಬೀಳಲಿಲ್ಲ. ಆದರೆ ಮಸೂದೆಯ ಒಳಹೂರಣ ರಾಜಿಗಳಿಂದಲೇ ತುಂಬಿದೆ.

ಕಾಯ್ದೆಯಲ್ಲಿದ್ದ, ಎಲ್ಲರೂ ವಿಮೆ ಹೊಂದಲೇಬೇಕೆಂಬ ನಿಯಮವನ್ನು 1989ರಲ್ಲಿ ಮುಂದಿಟ್ಟದ್ದು ಸಂಪ್ರದಾಯವಾದಿ ಹೆರಿಟೇಜ್ ಫೌಂಡೇಷನ್. ಅದನ್ನು 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾರಿಗೆ ತಂದದ್ದು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಸೆನೆಟ್ ಹಣಕಾಸು ಸಮಿತಿಯ ಅಧ್ಯಕ್ಷ ಮ್ಯಾಕ್ಸ್ ಬಾಕಸ್, ತಾವೂ ಸೇರಿ ಎರಡೂ ಪಕ್ಷಗಳ ಆರು ಮಂದಿಯ ಗುಂಪು ಕಟ್ಟಿಕೊಂಡು ತಿಂಗಳುಗಟ್ಟಲೆ ಮಾತಾಡಿದರು. ಸಮಿತಿಯಲ್ಲಿ ರಿಪಬ್ಲಿಕನ್ನರ ಪೈಕಿ ಒಲಿಂಪಿಯಾ ಸ್ನೋ ಒಬ್ಬರು ಒಲಿದರು. ಸದನದಲ್ಲಿ ಅವರೂ ವಿರುದ್ಧ ಮತ ಹಾಕಿದರು. ಚರ್ಚೆ ಮುಗಿಸಲು 60 ಮತ ಬೇಕಾದ್ದರಿಂದ, ಕೊನೆಗೆ ಆಡಳಿತಾರೂಢ ಡೆಮಾಕ್ರಟಿಕ್ ಪಾಳಯದ ಪ್ರತಿ ಸೆನೆಟರ್ ಕೈಗೂ ಮಸೂದೆಯನ್ನು ತಡೆಯುವ ಅಧಿಕಾರ ಬಂತು. ಆ ಪಾಳಯದ ಜೋ ಲೀಬರ್ಮನ್ ಒಪ್ಪಲಿಲ್ಲವೆಂದು ಸರ್ಕಾರಿ ವಿಮೆಯ ಪ್ರಸ್ತಾವವೇ ಬಿದ್ದುಹೋಯಿತು. ಮತ್ತೊಬ್ಬ ಸೆನೆಟರ್ ಬೆನ್ ನೆಲ್ಸನ್ ತಮ್ಮ ರಾಜ್ಯ ನೆಬ್ರಾಸ್ಕಾಕ್ಕೆ, ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ವಿಶೇಷ ನೆರವು ಪಡೆದರು.

ನನ್ನ ದೃಷ್ಟಿಯಲ್ಲಿ ನಿಜವಾದ ಹಾನಿ ಆದದ್ದು ಆಮೇಲೆ. ಡೆಮಾಕ್ರಟಿಕ್ ಸೆನೆಟರ್ ಎಡ್ವರ್ಡ್ ಕೆನಡಿಯವರ ನಿಧನದಿಂದ ತೆರವಾದ ಸ್ಥಾನವನ್ನು 2010ರ ಜನವರಿ 19ರಂದು ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದರು. ಅರವತ್ತು ತಪ್ಪಿತು. ಎರಡು ಸದನಗಳ ಕರಡುಗಳನ್ನು ಜಂಟಿಯಾಗಿ ತಿದ್ದಿ ಮತ್ತೆ ಸೆನೆಟ್‌ಗೆ ತರುವ ದಾರಿ ಮುಚ್ಚಿತು. ಪ್ರತಿನಿಧಿ ಸಭೆ ಸೆನೆಟ್‌ನ ಕರಡನ್ನು ಇದ್ದಂತೆಯೇ ಅಂಗೀಕರಿಸಿತು; ಬಹುಮತವೊಂದೇ ಸಾಕಾಗುವ ಬಜೆಟ್ ವಿಧಾನದಲ್ಲಿ ಹಣಕಾಸಿನ ಅಂಶಗಳನ್ನಷ್ಟೇ ತಿದ್ದಲಾಯಿತು. ನೆಬ್ರಾಸ್ಕಾದ ನೆರವು ಅಲ್ಲಿ ರದ್ದಾಯಿತು, ಆದರೆ ಕರಡಿನ ಭಾಷೆಯ ಒರಟುತನ ಉಳಿಯಿತು. ಅದರಿಂದಾಗಿಯೇ, ರಾಜ್ಯ ಸ್ಥಾಪಿಸಿದ ವಿಮಾ ಮಾರುಕಟ್ಟೆಯಲ್ಲಿ ಕೊಂಡವರಿಗೆ ಮಾತ್ರ ಸಹಾಯಧನವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಲಕ್ಷಾಂತರ ಕುಟುಂಬಗಳ ಔಷಧೋಪಚಾರ ಒಂದು ಪದಗುಚ್ಛಕ್ಕೆ ನೇತುಬಿದ್ದಿತ್ತು. 2015ರ ಜೂನ್ 25ರಂದು 6–3ರ ತೀರ್ಪು ಸಹಾಯಧನವನ್ನು ಉಳಿಸಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅದರಲ್ಲೇ ಕರಡಿನ ದೋಷಗಳನ್ನೂ ಎತ್ತಿ ತೋರಿಸಿದರು.

ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ 1965ರ ಮಸೂದೆಯಲ್ಲಿ ಹೀಗಾಗಲಿಲ್ಲ. ಪ್ರತಿನಿಧಿ ಸಭೆಯ ಡೆಮಾಕ್ರಟಿಕ್ ನಾಯಕ ವಿಲ್ಬರ್ ಮಿಲ್ಸ್ ಅಂದು ರಿಪಬ್ಲಿಕನ್ನರ ಐಚ್ಛಿಕ ವಿಮೆಯ ಯೋಜನೆಯನ್ನೇ ಮಸೂದೆಯೊಳಗೆ ಸೇರಿಸಿಕೊಂಡರು, ಅವರ ಮತಗಳೂ ಬಂದವು. 2010ರಲ್ಲಿ ವಿಚಾರವನ್ನು ಎರವಲು ಪಡೆದರೂ ಮತ ಸಿಗಲಿಲ್ಲ. ಹೀಗಾಗಿ ವಿರೋಧ ಪಕ್ಷಕ್ಕೆ ಕಾಯ್ದೆಯನ್ನು ತಿದ್ದುವ ಹೊಣೆ ಇರಲಿಲ್ಲ, ರದ್ದತಿಯ ಹಟವಷ್ಟೇ ಇತ್ತು. ಆ ಹಟ ಸೆನೆಟ್‌ನಲ್ಲಿ ಸೋತದ್ದು 2017ರ ಜುಲೈ 28ರಂದು, 49–51ರಲ್ಲಿ. ಜಾನ್ ಮೆಕೇನ್ ಸೇರಿ ಮೂವರು ರಿಪಬ್ಲಿಕನ್ನರು ಅಂದು ತಮ್ಮ ಪಕ್ಷದ ವಿರುದ್ಧ ನಿಂತರು.